ಚೀನಾದಲ್ಲಿ ಓದ್ತಾ ಊರು ಸುತ್ತೋದು: ಬೀಜಿಂಗ್, ಶಿಯಾನ್, ಶಾಂಘೈ ನೋಡಿದವರು ಹೇಳಿ

ಪ್ರಶ್ನೆ: ವುಹಾನ್‌ನಲ್ಲಿ ಎಂಬಿಬಿಎಸ್ ಓದ್ತಿದ್ದೇನೆ, ಊರು ದಾವಣಗೆರೆ ಕಡೆ. ಇಲ್ಲಿಗೆ ಬಂದಮೇಲೆ ಹಳದಿ ಕೊಕ್ಕರೆ ಗೋಪುರ ಬಿಟ್ಟರೆ ಏನೂ ನೋಡಿಲ್ಲ. ಅಕ್ಟೋಬರ್ 1ರ ರಜೆಯಲ್ಲಿ ಮೂವರು ಗೆಳತಿಯರು ಬೀಜಿಂಗ್, ಶಿಯಾನ್, ಶಾಂಘೈ ಮೂರನ್ನೂ ಮುಗಿಸಿಬಿಡೋಣ ಅಂತ ಅಂದುಕೊಂಡಿದ್ದೇವೆ. ಕೈಯಲ್ಲಿ ದುಡ್ಡು ಕಡಿಮೆ. ನಮ್ಮಲ್ಲಿ ಒಬ್ಬಳು ಮೊಟ್ಟೆಯನ್ನೂ ತಿನ್ನಲ್ಲ. ಅಕ್ಕಂದಿರು, ಅಣ್ಣಂದಿರು ಏನಾದ್ರೂ ಹೇಳಿ.

ಬೀಜಿಂಗ್‌ನಲ್ಲಿ ಓದಿ ಬಂದವನು:
ತಂಗಿ, ಮೊದಲು ಆ ತಾರೀಖು ಬದಲಾಯಿಸು. ಅಕ್ಟೋಬರ್ 1ರ ವಾರ ಇಡೀ ಚೀನಾಕ್ಕೆ ರಜೆ, ನಿನಗೊಬ್ಬಳಿಗೇ ಅಲ್ಲ. ರೈಲಿನ ಟಿಕೆಟ್ 15 ದಿನ ಮುಂಚೆ ಬಿಡ್ತಾರೆ, ಆ ವಾರದ್ದು ಬಿಟ್ಟ ಕೂಡಲೇ ಖಾಲಿ ಆಗುತ್ತೆ, ಹೋಟೆಲ್ ಬಾಡಿಗೆ ಕೇಳಲೇಬೇಡ. ಮಹಾಗೋಡೆ ಮೇಲೆ ಗೋಡೆ ಕಾಣಲ್ಲ, ಮುಂದಿನವರ ಬೆನ್ನು ಕಾಣುತ್ತೆ ಅಷ್ಟೇ. ಆ ವಾರ ವುಹಾನ್‌ನಲ್ಲೇ ಈಸ್ಟ್ ಲೇಕ್ ಸುತ್ತ ಸೈಕಲ್ ತುಳಿದು ಆರಾಮಾಗಿರಿ. ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ, ವಸಂತ ಹಬ್ಬದ, ಅಂದ್ರೆ ಚೀನೀ ಹೊಸವರ್ಷದ, ನೂಕುನುಗ್ಗಲು ಶುರುವಾಗೋ ಮುಂಚೆ ಹೊರಟುಬಿಡಿ. ಬೀಜಿಂಗ್‌ನಲ್ಲಿ ಆಗ ಸೊನ್ನೆಗಿಂತ ಕೆಳಗೆ ಚಳಿ, ಮೂಗು ಉದುರೋ ಹಾಗೆ ಇರುತ್ತೆ, ನಿಜ. ಆದ್ರೆ ಜನ ಕಡಿಮೆ.

ಅರಮನೆ ಸಂಕೀರ್ಣ, ಅದೇ ಫರ್ಬಿಡನ್ ಸಿಟಿ, ಸೋಮವಾರ ಮುಚ್ಚಿರುತ್ತೆ. ಬಾಗಿಲಲ್ಲಿ ಟಿಕೆಟ್ ಸಿಗುತ್ತೆ ಅಂತ ನಂಬಿ ಹೋಗಬೇಡಿ. 7 ದಿನ ಮುಂಚೆ, ರಾತ್ರಿ 8ಕ್ಕೆ ಬುಕಿಂಗ್ ತೆರೆಯುತ್ತೆ, ಪಾಸ್‌ಪೋರ್ಟ್ ನಂಬರ್ ಹಾಕಿ ಆಗಲೇ ಹಿಡಿಯಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ 40 ಯುವಾನ್, ಉಳಿದಂತೆ 60. ಟಿಯಾನನ್ಮೆನ್ ಚೌಕಕ್ಕೂ ಬೇರೆಯಾಗಿ ಹೆಸರು ಬರೆಸಬೇಕು. ದಕ್ಷಿಣದ ಬಾಗಿಲಿಂದ ಒಳಗೆ ಹೋಗಿ ಉತ್ತರದಿಂದ ಹೊರಗೆ ಬಂದ್ರೆ ಎದುರಿಗೇ ಜಿಂಗ್‌ಶಾನ್ ಗುಡ್ಡ. ಕಾಲು ನೋವು ಅಂತ ಅದನ್ನ ಬಿಡಬೇಡಿ. ಹತ್ತಿದ್ರೆ ಅರಮನೆಯ ಹಳದಿ ಹೆಂಚಿನ ಸೂರುಗಳು ಒಂದರ ಹಿಂದೆ ಒಂದು ಪೂರ್ತಿ ಕಾಣುತ್ತವೆ. ಒಳಗೆ ಅಷ್ಟು ಹೊತ್ತು ನಡೆದಿದ್ದು ಎಲ್ಲಿ ಅಂತ ಅರ್ಥ ಆಗೋದೇ ಅಲ್ಲಿ.

ಮಹಾಗೋಡೆಗೆ ಬಾದಾಲಿಂಗ್ ಅನ್ನೋ ಕಡೆಯಿಂದ ಹೋಗೋದು ಸುಲಭ, ವೇಗದ ರೈಲು ಅಲ್ಲಿವರೆಗೂ ಹೋಗುತ್ತೆ. ನನ್ನ ಕೇಳಿದ್ರೆ ಮುಟಿಯಾನ್‌ಯು. ಬಸ್ಸು ಬದಲಾಯಿಸೋ ತಾಪತ್ರಯ ಇದೆ, ಆದ್ರೆ ನೆಮ್ಮದಿಯಾಗಿ ನಡೀಬಹುದು, ಇಳಿಯೋಕೆ ಜಾರುಬಂಡಿ ಬೇರೆ ಇದೆ!

ಶಿಯಾನ್‌ನಲ್ಲಿ ಓದುತ್ತಿರುವವಳು:
ಅಣ್ಣ ಹೇಳಿದ್ದು ಸರಿ, ಆದ್ರೆ ಎರಡೇ ಊರು ನೋಡೋದಾದ್ರೆ ಬೀಜಿಂಗ್ ಜೊತೆ ಶಿಯಾನ್ ಇರಲಿ, ಶಾಂಘೈ ಬಿಡಿ. ಬೀಜಿಂಗ್‌ನಿಂದ ರಾತ್ರಿ ರೈಲಲ್ಲಿ ಸ್ಲೀಪರ್ ಹಿಡಿದ್ರೆ ಒಂದು ರಾತ್ರಿಯ ಹೋಟೆಲ್ ದುಡ್ಡೂ ಉಳಿಯುತ್ತೆ. ಒಂದೊಂದು ಕಡೆ ಮೂರು ಬರ್ತ್, ಮೇಲಿನದು ಅಗ್ಗ, ಆದ್ರೆ ಅಲ್ಲಿ ಕೂರೋಕಾಗಲ್ಲ, ಮಲಗೋದೇ. ರಾತ್ರಿ 10ರ ಹೊತ್ತಿಗೆ ದೀಪ ಆರಿಸಿಬಿಡ್ತಾರೆ. ಪ್ರತಿ ಬೋಗಿಯಲ್ಲೂ ಕುದಿಯೋ ನೀರು ಪುಕ್ಕಟೆ, ಆದ್ದರಿಂದ ಫ್ಲಾಸ್ಕು, ಊರಿಂದ ಬಂದ ಅವಲಕ್ಕಿ, ಚಟ್ನಿಪುಡಿ ಬ್ಯಾಗಲ್ಲಿರಲಿ.

ಮಣ್ಣಿನ ಸೈನಿಕರಿರೋ ಜಾಗ, ಅದೇ ಟೆರಾಕೋಟಾ ಆರ್ಮಿ, ಊರಿಂದ ಸುಮಾರು 40 ಕಿ.ಮೀ. ರೈಲ್ವೆ ನಿಲ್ದಾಣದ ಮುಂದೆ ನಿಂತು ಕೂಗಿ ಕರೆಯೋರ ಗಾಡಿ ಹತ್ತಬೇಡಿ, ಯಾವ್ಯಾವುದೋ ಅಂಗಡಿಗೆ ಇಳಿಸ್ತಾರೆ. ಮೆಟ್ರೋ 9ನೇ ಲೈನ್ ಹಿಡಿದು ಹುವಾಚಿಂಗ್ ಚಿ ತನಕ ಹೋಗಿ, ಅಲ್ಲಿಂದ ಸರ್ಕಾರಿ ಬಸ್ಸು. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು ಅಂತ ಎಲ್ಲರೂ ಓದಿರ್ತೀವಿ. ಮೊದಲ ಗುಂಡಿಯ ಕಟಕಟೆ ಹತ್ತಿರ ಎಲ್ಲರೂ ಫೋನ್ ಎತ್ತಿ ತಳ್ಳಾಡ್ತಿರ್ತಾರೆ. ನೀವು ಎರಡನೇ ಗುಂಡಿಯಲ್ಲಿ ಗಾಜಿನೊಳಗೆ ಇಟ್ಟಿರೋ ಮಂಡಿಯೂರಿದ ಬಿಲ್ಲುಗಾರನ ಹಿಂದೆ ಹೋಗಿ ಬಗ್ಗಿ ನೋಡಿ. ಅವನ ಚಪ್ಪಲಿಯ ತಳದಲ್ಲಿ ಹೊಲಿಗೆಯ ಗುರುತು ಕೂಡ ಇದೆ, ಒಂದು ಕಡೆ ದಟ್ಟ, ಒಂದು ಕಡೆ ವಿರಳ. ಯಾರೂ ನೋಡದ ಜಾಗಕ್ಕೂ ಆ ಕುಶಲಕರ್ಮಿ ಅಷ್ಟು ಕೈ ಇಟ್ಟಿದ್ದಾನೆ ನೋಡಿ.

ಕನ್ನಡದವರು ದೊಡ್ಡ ಕಾಡು ಹೆಬ್ಬಾತು ಪಗೋಡ ತಪ್ಪಿಸಬೇಡಿ. ಭಾರತದಿಂದ ಹ್ಯೂಯೆನ್ ತ್ಸಾಂಗ್ ತಂದ ಗ್ರಂಥಗಳನ್ನ ಇಡೋಕೆ 652ರಲ್ಲಿ ಕಟ್ಟಿದ್ದು. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ಬಗ್ಗೆ, ಅವನ ಯೋಧರ ಬಗ್ಗೆ ಬರೆದಿಟ್ಟವನೂ ಇವನೇ ಅಲ್ವಾ! ಅಲ್ಲಿನ ಫಲಕಗಳಲ್ಲಿ ಪುಲಕೇಶಿಯನ್ನ ಹುಡುಕಬೇಡಿ, ಸುಮ್ನೆ ಮನಸ್ಸಲ್ಲಿಟ್ಟುಕೊಂಡು ಹತ್ತಿ.

ಊಟದ ಬಗ್ಗೆ: 'ವೊ ಚಿ ಸು', ಅಂದ್ರೆ ನಾನು ಸಸ್ಯಾಹಾರಿ ಅಂತ ಹೇಳಿದ್ರೂ ಸಾರಿಗೆ ಮೂಳೆ ಹಾಕಿರ್ತಾರೆ. 'ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ' ಅಂತ ಚೀನಿಯಲ್ಲಿ ಬರೆಸಿ ಫೋಟೋ ಇಟ್ಟುಕೊಳ್ಳಿ, ಅಡುಗೆಯವರಿಗೇ ತೋರಿಸಿ. ಶಿಯಾನ್‌ನಲ್ಲಿ ಯೂಪೋ ಮಿಯಾನ್ ಕೇಳಿ: ಅಗಲದ ನೂಡಲ್ಸ್ ಮೇಲೆ ಮೆಣಸಿನಪುಡಿ ಉದುರಿಸಿ, ಕಾದ ಎಣ್ಣೆ ಸುಂಯ್ ಅಂತ ಸುರೀತಾರೆ, ಥೇಟ್ ನಮ್ಮ ಒಗ್ಗರಣೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ. ದೊಡ್ಡ ಬೌದ್ಧ ದೇವಸ್ಥಾನಗಳ ಸುತ್ತ ಶುದ್ಧ ಸಸ್ಯಾಹಾರಿ ಹೋಟೆಲ್ ಹುಡುಕಿದ್ರೆ ಸಿಗುತ್ತವೆ.

ಶಾಂಘೈನಲ್ಲಿ ಇಂಟರ್ನ್‌ಶಿಪ್ ಮಾಡಿದವನು:
ಶಾಂಘೈ ಬಿಡಿ ಅಂದ್ರೆ ಒಪ್ಪಲ್ಲ ನಾನು. ದುಡ್ಡಿಲ್ಲದವರಿಗೆ ಅದು ದುಬಾರಿ ಅನ್ನೋದು ಅರ್ಧ ಸುಳ್ಳು. ಬಂಡ್ ಅನ್ನೋ ಹೊಳೆ ದಂಡೆಯಲ್ಲಿ ಸಂಜೆ ಓಡಾಡೋಕೆ ಕಾಸಿಲ್ಲ. ಹೊಳೆ ದಾಟೋಕೆ ಪ್ರವಾಸಿಗರ ಸುರಂಗಕ್ಕೆ ದುಡ್ಡು ಸುರಿಯೋ ಬದಲು ಜನಸಾಮಾನ್ಯರ ದೋಣಿ ಹತ್ತಿ, 2 ಯುವಾನ್, ದೀಪದ ಕಟ್ಟಡಗಳು ಎರಡೂ ಕಡೆ ಕಾಣುತ್ತವೆ. ಒಂದೇ ಎಚ್ಚರ. ನಾನ್‌ಜಿಂಗ್ ರಸ್ತೆಯಲ್ಲಿ ನಗುನಗುತ್ತಾ ಬಂದು 'ನಾವೂ ವಿದ್ಯಾರ್ಥಿಗಳು, ಇಂಗ್ಲಿಷ್ ಮಾತಾಡ್ಬೇಕು, ಚಹಾ ಕುಡಿಯೋಣ ಬನ್ನಿ' ಅಂದ್ರೆ ಕೈಮುಗಿದು ಮುಂದೆ ಹೋಗಿ. ಪುಟ್ಟ ಲೋಟದ ಚಹಾಕ್ಕೆ ನೂರಾರು ಯುವಾನ್ ಬಿಲ್ಲು ಬರುತ್ತೆ.

ಒಬ್ಬ ತಂದೆ:
ನನ್ನ ಮಗಳೂ ಅಲ್ಲೇ ಓದ್ತಾಳೆ. ಗೆಳತಿಯರ ಬಾಡಿಗೆ ಮನೇಲಿ ಉಳ್ಕೊಂಡ್ರೆ ಹೋಟೆಲ್ ಖರ್ಚು ಉಳಿಯಲ್ವಾ?

ಬೀಜಿಂಗ್‌ನಲ್ಲಿ ಓದಿ ಬಂದವನು:
ಉಳಿಯುತ್ತೆ ಸರ್, ಆದ್ರೆ ಹೋಟೆಲ್ ಆದ್ರೆ ಅವರೇ ಪೊಲೀಸರಿಗೆ ಮಾಹಿತಿ ಕೊಡ್ತಾರೆ. ಮನೇಲಿ ಉಳಿದ್ರೆ 24 ಗಂಟೆಯೊಳಗೆ ನಾವೇ, ಇಲ್ಲಾಂದ್ರೆ ಮನೆಯವರು, ಪೊಲೀಸರ ಹತ್ತಿರ ಹೆಸರು ಬರೆಸಬೇಕು. ಸಣ್ಣ ಹೋಟೆಲ್ ಹಿಡಿಯೋ ಮುಂಚೆ ವಿದೇಶಿಯರಿಗೆ ಕೊಡ್ತಾರಾ ಅಂತ ಕೇಳಿಬಿಡಲಿ. ಹೊರಡೋ ಮುಂಚೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೂ ತಿಳಿಸಲಿ. ಪಾಸ್‌ಪೋರ್ಟ್ ಜೆರಾಕ್ಸ್ ಸಾಕಾಗಲ್ಲ, ಅಸಲಿಯೇ ಬೇಕು. ರೈಲಿಗೆ ಅದೇ ಟಿಕೆಟ್. ಸ್ಥಳೀಯರು ಐಡಿ ಕಾರ್ಡ್ ಒತ್ತಿ ದಾಟೋ ಗೇಟಲ್ಲಿ ನಮ್ಮದು ಎಷ್ಟೋ ಸಲ ಓದಲ್ಲ, ಪಕ್ಕದಲ್ಲಿ ಸಿಬ್ಬಂದಿ ಇರೋ ಗೇಟಿಗೆ ಹೋಗಬೇಕು. ಅದಕ್ಕೂ ಸೇರಿಸಿ ಅರ್ಧ ಗಂಟೆ ಮುಂಚೆನೇ ನಿಲ್ದಾಣ ಸೇರಲಿ.