ಬಾಟಲಿ ಬೇಡ ಪುಟ್ಟಿ, ಶರ್ಟು ತೆಗಿ

ಪುಟ್ಟಿ, ನಾನು ಚಿಕ್ಕಮ್ಮ. ಟೈಪ್ ಮಾಡಲು ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಅಲ್ಲಲ್ಲಿ ತಪ್ಪಿದ್ದರೆ ಅದು ಫೋನಿನದು, ನನ್ನದಲ್ಲ. ಉದ್ದ ಆಯಿತು ಅಂತ ಯಾರೂ ಬೈಯಬೇಡಿ. ಬಟ್ಟೆ ಮಡಿಚುತ್ತಾ ಓದಿಕೊಳ್ಳಿ.

ಅಕ್ಕನನ್ನು ಬಿಟ್ಟು ಈ ಹೊಸ ಗ್ರೂಪ್ ಮಾಡಿದ್ದು ಒಳ್ಳೆಯದಾಯಿತು. ಆದರೆ ನಿನ್ನ ಫೋನನ್ನು ಟೇಬಲ್ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಬೇಡ. ಅವಳ ಕಣ್ಣು ಎಷ್ಟು ಚುರುಕು ಅಂತ ನನಗೆ ಗೊತ್ತು, ಚಿಕ್ಕಂದಿನಿಂದ ಅನುಭವಿಸಿದ್ದೇನೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಬರುವ ತಿಂಗಳು ಅಮ್ಮನಿಗೆ 60 ತುಂಬುತ್ತದೆ, ಕೊಂಡು ತಂದದ್ದು ಬೇಡ, ಮನೆಯಲ್ಲಿರುವ ಹಳೇ ಸಾಮಾನಿನಿಂದಲೇ ಕೈಯಾರೆ ಏನಾದರೂ ಮಾಡಿ ಕೊಡಬೇಕು, ಏನು ಮಾಡಲಿ ಅಂತ ಕೇಳಿದ್ದೀಯ. ಜೊತೆಗೆ ಗಾಜಿನ ಬಾಟಲಿಗೆ ಬಣ್ಣ ಹಚ್ಚುವ ವಿಡಿಯೋ ಬೇರೆ ಹಾಕಿದ್ದೀಯ.

ಬಾಟಲಿ ಬೇಡ ಪುಟ್ಟಿ. ಬೇಜಾರು ಮಾಡಿಕೊಳ್ಳಬೇಡ. ಕಸದಿಂದ ರಸ ಅಂತ ನಾವೆಲ್ಲ ಮಾಡುವುದರಲ್ಲಿ ಮುಕ್ಕಾಲು ಪಾಲು ಬಣ್ಣ ಬಳಿದ ಕಸವೇ. ಬಾಟಲಿಗೆ ಬಣ್ಣ ಹಚ್ಚಿ, ಮಿಂಚು ಅಂಟಿಸಿ, ಕುತ್ತಿಗೆಗೆ ದಾರ ಸುತ್ತಿ ಕೊಟ್ಟರೆ ತೆಗೆದುಕೊಂಡವರು ಏನು ಮಾಡಬೇಕು? ಶೋಕೇಸಿನಲ್ಲಿ ಇಡಬೇಕು. ಎರಡು ತಿಂಗಳಿಗೆ ಧೂಳು ಹಿಡಿಯುತ್ತದೆ. ತೊಳೆಯೋಣ ಅಂದರೆ ಬಣ್ಣ ಏಳುತ್ತದೆ. ಎಸೆಯೋಣ ಅಂದರೆ ಕೊಟ್ಟವರು ಬಂದಾಗ ಎಲ್ಲಿ ಅಂತ ಕೇಳಿಬಿಟ್ಟರೆ ಅನ್ನುವ ಭಯ. ನಾನೇ ಅಂಥದ್ದು ಮೂರು ನಾಲ್ಕು ಜನಕ್ಕೆ ಕೊಟ್ಟಿದ್ದೇನೆ, ಪಾಪ, ಒಬ್ಬರ ಮನೆಯಲ್ಲೂ ಆಮೇಲೆ ಅದನ್ನು ಕಾಣಲಿಲ್ಲ.

ಅದಕ್ಕೇ ಈಗ ಮನೆಯಲ್ಲಿ ಹಳೆಯದು ಏನಿದೆ ಅಂತ ಮೊದಲು ಹುಡುಕುವುದಿಲ್ಲ. ಯಾರಿಗೆ ಕೊಡಬೇಕೋ ಅವರ ಕೈ ದಿನಾ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ. ನಿನ್ನಮ್ಮನನ್ನು ಒಂದು ಸಂಜೆ ಸುಮ್ನೆ ಗಮನಿಸು. ಕುರ್ಚಿಯಲ್ಲಿ ಕೂತಾಗ ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟುಕೊಳ್ಳುತ್ತಾಳೆ. ಹತ್ತು ನಿಮಿಷಕ್ಕೆ ಅದು ಜಾರಿ ಕೆಳಗೆ ಬೀಳುತ್ತದೆ. ಗೊಣಗುತ್ತಾ ಎದ್ದು ಮತ್ತೆ ಸುತ್ತುತ್ತಾಳೆ. ನಾನು ಬಂದಾಗಲೆಲ್ಲ ಇದೇ. ಅವಳಿಗೆ ಬೇಕಾಗಿರುವುದು ಒಂದು ಸಣ್ಣ ದಿಂಬು, ಅಷ್ಟೇ.

ಇನ್ನು ನಿಮ್ಮ ಬೀರು ತೆಗೆದರೆ ಏನು ಸಿಗುತ್ತದೆ? ಭಾವನ ಶರ್ಟುಗಳು. ಕುತ್ತಿಗೆ ಉಜ್ಜಿ ಉಜ್ಜಿ ಕಾಲರ್ ಸವೆದಿದೆ, ಕಫ್ ಎಳೆ ಬಿಟ್ಟಿದೆ. ಬೆನ್ನಿನ ಬಟ್ಟೆ ಮಾತ್ರ ಗಟ್ಟಿಯಾಗಿದೆ. ಭಾವ ಅವನ್ನು ಹಾಕುವುದಿಲ್ಲ, ಅಕ್ಕ ನೆಲ ಒರೆಸಲು ಕೊಡುವುದೂ ಇಲ್ಲ. ಅಲ್ಲಿಗೆ ಎರಡೂ ಕಡೆಯದು ಸೇರಿತು ಅಲ್ವಾ? ಶರ್ಟಿನಿಂದ ದಿಂಬಿನ ಕವರ್ ಮಾಡು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದರಲ್ಲಿ ಜಿಪ್ ಹೊಲಿಯುವ ತಾಪತ್ರಯವೇ ಇಲ್ಲ. ಶರ್ಟಿನ ಗುಂಡಿ ಪಟ್ಟಿಯೇ ಕವರಿನ ಬಾಯಿ. ಗುಂಡಿ ಬಿಚ್ಚಿದರೆ ದಿಂಬು ಹೊರಗೆ, ಕವರು ಒಗೆಯಲು ರೆಡಿ. ಯಾರೋ ಎಂದೋ ಹೊಲಿದಿಟ್ಟ ಕಾಜಾ ನಮಗೆ ಪುಕ್ಕಟೆ ಸಿಗುತ್ತದೆ.

ಶರ್ಟನ್ನು ಒಗೆದು, ಇಸ್ತ್ರಿ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡು. ಎಲ್ಲಿ ಜರಡಿಯ ಹಾಗೆ ಬೆಳಕು ತೂರಿ ಬರುತ್ತದೋ ಆ ಜಾಗ ಬಿಟ್ಟುಬಿಡು, ಅದು ನಾಲ್ಕು ಒಗೆತಕ್ಕೆ ಹರಿಯುತ್ತದೆ. ಆಮೇಲೆ ಎಲ್ಲ ಗುಂಡಿ ಹಾಕಿ ನೆಲದ ಮೇಲೆ ಸುಕ್ಕಿಲ್ಲದೆ ಹರಡು. ದಿಂಬು 40 ಸೆಂಟಿಮೀಟರ್ ಚೌಕ ಇದ್ದರೆ 42 ಸೆಂಟಿಮೀಟರ್ ಚೌಕದ ರಟ್ಟು ಕತ್ತರಿಸಿಕೋ. ನಾಲ್ಕೂ ಕಡೆ ಒಂದೊಂದು ಸೆಂಟಿಮೀಟರ್ ಹೊಲಿಗೆಗೆ ಹೋಗುತ್ತದೆ. ರಟ್ಟನ್ನು ಶರ್ಟಿನ ಮೇಲೆ ಇಟ್ಟು, ಗುಂಡಿ ಪಟ್ಟಿ ನಡುವೆ ಬರುವ ಹಾಗೆ ಸರಿಸಿ, ಸುತ್ತ ಗೆರೆ ಎಳೆ. ಗೆರೆಯ ಮೇಲೆ ಗುಂಡಿ ಬರಕೂಡದು. ಬಂದರೆ ಮಿಷನ್ ಸೂಜಿ ಮುರಿಯುತ್ತದೆ. ಎರಡು ಗುಂಡಿಗಳ ನಡುವೆ ಗೆರೆ ಬರುವ ಹಾಗೆ ರಟ್ಟನ್ನು ಮೇಲೆ ಕೆಳಗೆ ಜರುಗಿಸು. ಗುಂಡುಸೂಜಿ ಚುಚ್ಚಿ ಮುಂಭಾಗ, ಹಿಂಭಾಗ ಎರಡನ್ನೂ ಒಟ್ಟಿಗೇ ಕತ್ತರಿಸು.

ಈಗ ಎರಡು ತುಂಡನ್ನೂ ಹೊರಮೈ ಒಳಗೆ ಬರುವ ಹಾಗೆ ಎದುರು ಬದರು ಇಡು. ಹೊಲಿಯುವ ಮೊದಲು ನಡುವಿನ ಎರಡು ಗುಂಡಿ ಬಿಚ್ಚಿಡು. ಇದನ್ನು ಮರೆತರೂ ಮುಳುಗಿಹೋಗುವುದಿಲ್ಲ, ಆದರೆ ನಾಲ್ಕೂ ಕಡೆ ಹೊಲಿದಾದ ಮೇಲೆ ಒಳಗಿನಿಂದ ತಡಕಾಡಿ ಗುಂಡಿ ಬಿಚ್ಚುವುದು ಇದೆಯಲ್ಲ, ಅದು ಬೇಡ. ಸುತ್ತ ಹೊಲಿದು, ಮೂಲೆಗಳನ್ನು ಚೂರು ಓರೆಯಾಗಿ ಕತ್ತರಿಸಿ, ಅಂಚಿಗೆ ಜಿಗ್‌ಜಾಗ್ ಹಾಕಿ, ಗುಂಡಿಯ ಬಾಯಿಂದ ತಿರುಗಿಸಿ ಹೊರಗೆ ಎಳೆ. ಮುಗಿಯಿತು. ಗುಂಡಿಗಳನ್ನು ಮಾತ್ರ ಇನ್ನೊಂದು ಸಲ ಬಿಗಿಯಾಗಿ ಹೊಲಿ.

ಜೇಬು ಬಿಡಬೇಡ. ಎದೆಯ ಹತ್ತಿರ ಇರುವುದರಿಂದ ಅದು ಒಂದೊಂದು ಸಲ ಚೌಕದ ಗೆರೆಗೆ ಸಿಕ್ಕಿ ಅರ್ಧ ತುಂಡಾಗುತ್ತದೆ. ಹಾಗಾಗುವುದಾದರೆ ಹೊಲಿಗೆ ಬಿಚ್ಚಿ ತೆಗೆದು ಕೆಳಗೆ ಹೊಲಿದುಕೋ. ಬಿಚ್ಚಿದಾಗ ಒಂದು ತಮಾಷೆ ನೋಡುತ್ತೀಯ. ಜೇಬಿನಡಿಯ ಬಟ್ಟೆ ಬಿಸಿಲು ಕಾಣದೆ, ಶರ್ಟು ಕೊಂಡ ದಿನದ ಬಣ್ಣದಲ್ಲೇ ಇರುತ್ತದೆ. ಸುತ್ತ ಮಾಸಿದ ನೀಲಿ, ನಡುವೆ ಜೇಬಿನಷ್ಟೇ ಅಗಲದ ಕಡು ನೀಲಿ. ಅದನ್ನು ಮುಚ್ಚಲು ಹೋಗಬೇಡ. ಅಕ್ಕ ಅದನ್ನು ನೋಡಿದ ಕೂಡಲೇ ಇದು ಯಾವ ಶರ್ಟು, ಯಾವಾಗ ತಂದದ್ದು ಅಂತ ಎಲ್ಲ ಹೇಳುತ್ತಾಳೆ, ಬೇಕಾದರೆ ಬರೆದುಕೊಡುತ್ತೇನೆ. ಜೇಬಿನೊಳಗೆ ನೀವು ಮಕ್ಕಳು ಏನಾದರೂ ಬರೆದು ಮಡಿಚಿ ಇಡಿ. ಕನ್ನಡಕ ಇಡುವ ಐಡಿಯಾ ಬೇಡ. ಅದರ ಮೇಲೆ ಯಾರು ಕೂರುತ್ತಾರೆ ಅಂತ ನಮಗೆಲ್ಲ ಗೊತ್ತು.

ಒಳಗೆ ತುಂಬಲು ಮನೆಯಲ್ಲಿರುವ ಹಳೇ ದಿಂಬನ್ನೇ ಬಳಸು. ಬಟ್ಟೆ ಚೂರು ತುಂಬಿದರೆ ಗಂಟು ಗಂಟಾಗಿ, ಕಲ್ಲಿನ ಮೂಟೆಯ ಹಾಗೆ ಭಾರ ಆಗುತ್ತದೆ. ಸೊಂಟಕ್ಕೆ ಅಂತ ಕೊಟ್ಟು ಸೊಂಟವೇ ಹೋಗುತ್ತದೆ.

ಅಣ್ಣ ನಿನ್ನೆ ಹೇಳಿದ್ದನ್ನೂ ಓದಿದೆ. ‘60 ವರ್ಷಕ್ಕೆ ಹಳೇ ಬಟ್ಟೆ ಹೊಲಿದು ಕೊಡುವುದಾ, ನೋಡಿದವರು ಏನಂದುಕೊಳ್ಳುತ್ತಾರೆ’ ಅಂತ. ಅಣ್ಣಾ, ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಊರಿದೆ, ನದಿ ಬಳಸಿಕೊಂಡು ಹೋಗುವ ತಿರುವಿನೊಳಗೆ. ಅಲ್ಲಿಯ ಆಫ್ರಿಕನ್ ಅಮೆರಿಕನ್ ಹೆಂಗಸರು ಹೊಲದಲ್ಲಿ ಸವೆದ ಪ್ಯಾಂಟು ಶರ್ಟುಗಳನ್ನು ಕತ್ತರಿಸಿ ಚಳಿಗೆ ಹೊದಿಕೆ ಹೊಲಿಯುತ್ತಿದ್ದರು. 1942ರಲ್ಲಿ ಮಿಸೌರಿ ಪೆಟ್‌ವೇ ಅನ್ನುವ ಹೆಂಗಸು, ಗಂಡ ತೀರಿಕೊಂಡ ಮೇಲೆ, ಅವನು ದುಡಿಯುವಾಗ ಹಾಕುತ್ತಿದ್ದ ಬಟ್ಟೆಗಳನ್ನೇ ಜೋಡಿಸಿ ಒಂದು ಹೊದಿಕೆ ಹೊಲಿದಳು, ಅವನ ನೆನಪಿಗೆ ಹೊದ್ದುಕೊಳ್ಳಲು. ಆ ಊರಿನ ಹೊದಿಕೆಗಳಲ್ಲಿ ಬಣ್ಣ ಮಾಸಿದ ಮೊಣಕಾಲಿನ ಗುರುತುಗಳೂ ಹಾಗೇ ಕಾಣುತ್ತವೆ. ಅವನ್ನು 2002ರಲ್ಲಿ ಹ್ಯೂಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿದವು. 2006ರಲ್ಲಿ ಅಲ್ಲಿಯ ಅಂಚೆಯವರು ಅವುಗಳದ್ದೇ ಹತ್ತು ಅಂಚೆಚೀಟಿ ತಂದರು. ನೋಡಿದವರು ಏನಂದುಕೊಂಡರು ಅಂತ ಗೊತ್ತಾಯಿತಲ್ಲ? ನಮ್ಮ ಭಾವ ಗಟ್ಟಿಮುಟ್ಟಾಗಿ ಇದ್ದಾರೆ, ನೂರು ವರ್ಷ ಇರಲಿ. ಅವರ ಶರ್ಟಿಗೆ ಒರಗಿ ಕೂರಲು ಅಕ್ಕನಿಗೇನು ಅವಮಾನ?

ಚಿನ್ನು ಉಳಿದ ಮೇಣದಬತ್ತಿ ತುಂಡುಗಳನ್ನು ಕರಗಿಸಿ ಹೊಸದು ಮಾಡುತ್ತೇನೆ ಅಂದಿದ್ದಾನೆ. ಮಾಡಲಿ, ಆದರೆ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಬೇಕು. ನನ್ನ ಕಥೆ ಕೇಳು. ನಾನು ಮೊದಲ ಸಲ ಮೇಣವನ್ನು ಬಾಣಲೆಗೆ ಹಾಕಿ ನೇರವಾಗಿ ಉರಿಯ ಮೇಲಿಟ್ಟೆ. ಒಂದು ಫೋನು ಬಂತು, ತಿರುಗಿ ನೋಡುವಷ್ಟರಲ್ಲಿ ಅಡುಗೆಮನೆ ತುಂಬ ಹೊಗೆ. ಗಾಬರಿಯಲ್ಲಿ ಅದನ್ನು ತೆಳುವಾದ ನೀರಿನ ಗ್ಲಾಸಿಗೆ ಸುರಿದೆ. ಟಣ್ ಅಂತ ಬಿರುಕು ಬಿಟ್ಟಿತು. ಮಿಕ್ಕದ್ದನ್ನು ಸಿಂಕಿಗೆ ಚೆಲ್ಲಿದೆ. ಅದು ಪೈಪಿನೊಳಗೆ ಹೆಪ್ಪುಗಟ್ಟಿ, ಎರಡು ದಿನ ಪಾತ್ರೆ ತೊಳೆದದ್ದು ಬಚ್ಚಲಿನಲ್ಲಿ. ಒಂದೇ ಮಧ್ಯಾಹ್ನದಲ್ಲಿ ಮೂರೂ ತಪ್ಪು ಮಾಡಿದ್ದೆ.

ಸರಿಯಾದ ದಾರಿ ಹೀಗೆ. ಅಗಲದ ಪಾತ್ರೆಯಲ್ಲಿ ನೀರು ಕಾಯಿಸು, ಅದರೊಳಗೆ ಮೇಣದ ಡಬ್ಬಿ ಇಡು. ತೆರೆದ ಪಾತ್ರೆಯ ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ. ಮೇಣ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಕರಗುತ್ತದೆ, ಬೆಂಕಿ ಹತ್ತುವ ಬಿಸಿ ಮುಟ್ಟುವುದಿಲ್ಲ. ನೀರು ಪೂರ್ತಿ ಆವಿಯಾಗದ ಹಾಗೆ ನೋಡಿಕೊಂಡರೆ ಸಾಕು. ಹಳೇ ಬತ್ತಿ, ಮಸಿ ಎಲ್ಲ ಸೋಸಿ ತೆಗೆ. ದಪ್ಪ ಗಾಜಿನ ಜಾರ್ ತಗೊಂಡು ಬಿಸಿನೀರಿನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಪೂರ್ತಿ ಒರೆಸಿ, ಆಮೇಲೆ ಸುರಿ. ಬತ್ತಿಗೆ ಹತ್ತಿಯ ದಾರವೇ ಆಗಬೇಕು. ನೈಲಾನ್ ದಾರ ಬತ್ತಿಯ ಹಾಗೆ ಉರಿಯುವುದಿಲ್ಲ, ಕರಗಿಹೋಗುತ್ತದೆ. ಜಾರಿನ ಬಾಯಿಗೆ ಅಡ್ಡ ಕಡ್ಡಿ ಇಟ್ಟು ದಾರವನ್ನು ಅದಕ್ಕೆ ಕಟ್ಟಿದರೆ ನೆಟ್ಟಗೆ ನಿಲ್ಲುತ್ತದೆ. ಆರುವಾಗ ಮೇಣ ಕುಗ್ಗಿ ಬತ್ತಿಯ ಸುತ್ತ ಗುಳಿ ಬೀಳುತ್ತದೆ, ಅದಕ್ಕೆ ಸ್ವಲ್ಪ ಮೇಣ ಉಳಿಸಿಕೊಂಡಿದ್ದು ಕೊನೆಗೆ ತುಂಬು. ಇನ್ನೊಂದು, ಎಲ್ಲರೂ ನೆನಪಿಡಿ. ಕಾದ ಮೇಣಕ್ಕೆ ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಭಗ್ ಅಂತ ಮೇಲಕ್ಕೆ ಏಳುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚಿ.

ಜಾರಿನ ಮೇಲಿನ ಚೀಟಿಯ ಅಂಟು ಹೋಗದಿದ್ದರೆ ಉಗುರು ಹಾಳುಮಾಡಿಕೊಳ್ಳಬೇಡಿ. ಅಡುಗೆ ಎಣ್ಣೆ, ಅಡುಗೆ ಸೋಡಾ ಸಮ ಸಮ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಬರುತ್ತದೆ. ಕತ್ತರಿಸಿ ಉಳಿದ ಶರ್ಟಿನ ತೋಳು ಇರುತ್ತದಲ್ಲ, ಅದರ ಅಗಲದ ಬಾಯಿ ಹೊಲಿದು ಜಾರನ್ನು ಒಳಗೆ ಇಳಿಸಿ, ಕಫಿನ ಹತ್ತಿರ ದಾರ ಕಟ್ಟಿದರೆ ಚೀಲ ಆಯಿತು. ಹೊಳೆಯುವ ಪ್ಯಾಕಿಂಗ್ ಪೇಪರ್ ಬೇಕಾಗಿಲ್ಲ.

ಸಣ್ಣ ಮಕ್ಕಳಿಗೆ ಕೆಲಸ ಬೇಕು ಅಂದರೆ ತಗಡಿನ ಡಬ್ಬಿಯ ದೀಪ ಮಾಡಿಸಿ. ಖಾಲಿ ಡಬ್ಬಿಗೆ ಮೊಳೆ ಹೊಡೆದರೆ ನಜ್ಜುಗುಜ್ಜಾಗುತ್ತದೆ ಅಲ್ವಾ? ಅದಕ್ಕೆ ಮೇಲೆ ಎರಡು ಬೆರಳು ಜಾಗ ಬಿಟ್ಟು ನೀರು ತುಂಬಿಸಿ ರಾತ್ರಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಒಳಗೆ ಗಟ್ಟಿ ಮಂಜುಗಡ್ಡೆ. ಮಡಿಚಿದ ಟವೆಲ್ ಮೇಲೆ ಮಲಗಿಸಿ ಮೊಳೆ ಹೊಡೆದರೆ ತೂತು ಮಾತ್ರ ಬೀಳುತ್ತದೆ, ಡಬ್ಬಿ ತಗ್ಗುವುದಿಲ್ಲ. ಬಾಯಿಯ ಅಂಚನ್ನು ಮೊದಲೇ ಯಾರಾದರೂ ದೊಡ್ಡವರು ಅರದಿಂದ ಉಜ್ಜಿಕೊಡಿ.

ಇಷ್ಟೇ ಪುಟ್ಟಿ. ಎಲ್ಲವನ್ನೂ ಮಾಡಲು ಹೋಗಬೇಡ, ನೀನು ದಿಂಬೊಂದನ್ನು ನೆಟ್ಟಗೆ ಮಾಡು. ಭಾನುವಾರ ಶರ್ಟುಗಳನ್ನು ತಗೊಂಡು ಬಾ, ಮಿಷನ್ನಿಗೆ ಎಣ್ಣೆ ಹಾಕಿ ಇಟ್ಟಿರುತ್ತೇನೆ. ಆ ನೀಲಿ ಗೆರೆಯ ಶರ್ಟೇ ಚೆನ್ನಾಗಿರುತ್ತದೆ ಅನ್ನಿಸುತ್ತದೆ. ಆದರೆ ತರುವ ಮೊದಲು ಅಪ್ಪನ ಹತ್ತಿರ ಗುಟ್ಟಾಗಿ ಒಂದು ಮಾತು ಕೇಳು. ಹೋದ ಸಲ ಕೇಳದೆ ಕತ್ತರಿ ಹಾಕಿದ ಪ್ಯಾಂಟು ನಿನ್ನ ಚಿಕ್ಕಪ್ಪ ಮಾರನೆಯ ದಿನ ಹಾಕಬೇಕು ಅಂತ ಇಟ್ಟಿದ್ದಂತೆ. ಇವತ್ತಿಗೂ ನಾನು ಕತ್ತರಿ ಹಿಡಿದರೆ ಎದ್ದು ಬಂದು ಯಾವ ಬಟ್ಟೆ ಅಂತ ನೋಡಿ ಹೋಗುತ್ತಾರೆ.