ಬಿ.ಫಾರ್ಮ್ ಗೆಳೆಯರ ಗುಂಪು: ಬಾಣಂತಿ ಮತ್ತು ನೀರಿನ ಮಾತ್ರೆ

ರಾಘು: (ಫಾರ್ವರ್ಡ್ ಆಗಿದ್ದು) "ಬಾಣಂತಿಯರೇ ಎಚ್ಚರ! ಲ್ಯಾಸಿಕ್ಸ್‌ನಂಥ ನೀರಿನ ಮಾತ್ರೆ ನುಂಗಿದರೆ ಎದೆಹಾಲು ವಿಷವಾಗುತ್ತದೆ. ಮಾತ್ರೆ ಮುಗಿಯುವ ತನಕ ಮಗುವಿಗೆ ಹಾಲೂಡಿಸಬೇಡಿ."

ರಾಘು: ಭಾಷೆ ಜೋರಾಗಿದೆ, ಆದ್ರೆ ವಿಷಯ ಸರಿಯೇ ಅಲ್ವಾ?

ವಿನುತಾ: ಸರಿ ಇಲ್ಲ ಕಣೋ, ಬೇರೆ ಗುಂಪಿಗೆ ಕಳಿಸಬೇಡ. ಲ್ಯಾಸಿಕ್ಸ್ ಅಂದ್ರೆ ಫ್ಯೂರೋಸೆಮೈಡ್, ಉಚ್ಚೆ ಹೆಚ್ಚಿಸಿ ಮೈಯ ನೀರು ಇಳಿಸೋ ಔಷಧಿ. ಅದು ರಕ್ತದ ಪ್ರೋಟೀನಿಗೆ 95%ಗೂ ಮೇಲೆ ಅಂಟಿಕೊಂಡಿರುತ್ತೆ, ಹಾಲಿಗೆ ಇಳಿಯೋದು ಅತ್ಯಲ್ಪ. ಹಸುಗೂಸಿನ ಕರುಳು ಅದನ್ನ ಸರಿಯಾಗಿ ಹೀರಿಕೊಳ್ಳೋದೂ ಇಲ್ಲ. ಹೈಡ್ರೋಕ್ಲೋರೋಥಯಜೈಡ್ ಅನ್ನೋ ಇನ್ನೊಂದು ನೀರಿನ ಮಾತ್ರೆಯನ್ನ ದಿನಕ್ಕೆ 50 ಮಿ.ಗ್ರಾಂ ತಗೊಂಡ ತಾಯಿಯ ಹಾಲು ಅಳೆದಾಗ ಸಿಕ್ಕಿದ್ದು ಲೀಟರಿಗೆ 0.1 ಮಿ.ಗ್ರಾಂ ಆಸುಪಾಸು. ಮಗುವಿನ ರಕ್ತದಲ್ಲಿ ಪತ್ತೆಯೇ ಆಗಲಿಲ್ಲ.

ರಾಘು: ಹಾಗಾದ್ರೆ ಹಿಂದೆ ಹಾಲು ಬತ್ತಿಸೋಕೆ ಇದನ್ನೇ ಯಾಕೆ ಕೊಡ್ತಿದ್ರು?

ಫರ್ಜಾನಾ: ಕೊಡ್ತಿದ್ದದ್ದು ನಿಜ. ಬೆಂಡ್ರೋಫ್ಲುಮೆಥಯಜೈಡ್ ಅನ್ನೋ ನೀರಿನ ಮಾತ್ರೆ 5 ಮಿ.ಗ್ರಾಂ ದಿನಕ್ಕೆ ಎರಡು ಸಲ, 5 ದಿನ. ಫ್ಯೂರೋಸೆಮೈಡ್ ಆದ್ರೆ 20 ಮಿ.ಗ್ರಾಂ ಇಂಜೆಕ್ಷನ್, ಜೊತೆಗೆ ಕುಡಿಯೋ ನೀರು ಕಡಿಮೆ ಮಾಡಿ, ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿ. ಹಾಲು ಬೇಡ ಅಂದವರಿಗೆ ಮಾಡಿದ್ದು ಅದು. ಮಗು ಚೀಪಿ ಎದೆ ಖಾಲಿ ಮಾಡ್ತಿದ್ರೆ ಲೆಕ್ಕವೇ ಬೇರೆ. ಆದ್ರೆ ಹೆಚ್ಚು ಡೋಸಿಗೆ ಹಾಲು ಇಳಿಯಬಹುದು, ಅದನ್ನ ಮುಚ್ಚಿಡೋದು ಬೇಡ.

ಫರ್ಜಾನಾ: ನನಗೆ ಹೆದರಿಕೆ ಇರೋದು ನಮ್ಮ ಮನೆಗಳ ಪದ್ಧತಿ ಬಗ್ಗೆ. ಬಾಣಂತಿಗೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅಂತ ನೀರನ್ನ ಲೋಟದ ಲೆಕ್ಕದಲ್ಲಿ ಕೊಡ್ತಾರೆ. ಅದರ ಮೇಲೆ ನೀರಿನ ಮಾತ್ರೆ! ತಲೆ ಸುತ್ತು, ಮೀನಖಂಡದ ಸೆಳೆತ, ಹಾಲೂ ಕಡಿಮೆ. ಹೃದ್ರೋಗಕ್ಕೆ ಡಾಕ್ಟರೇ ನೀರಿನ ಮಿತಿ ಹಾಕಿದ್ರೆ ಬೇರೆ ಮಾತು. ಇಲ್ಲದಿದ್ರೆ ಬಾಯಾರಿದಷ್ಟು ಕುಡಿಸಲೇಬೇಕು.

ಶಶಿ: ನಾನು ಇಷ್ಟು ಸಲೀಸಾಗಿ ಒಪ್ಪಲ್ಲ. ಬ್ರಿಟನ್ನಿನ ನೈಸ್ ಅನ್ನೋ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ, ಹಾಲೂಡಿಸೋ ತಾಯಿಯ ಬಿಪಿಗೆ ಸಾಧ್ಯವಾದಷ್ಟು ಡೈಯುರೆಟಿಕ್ (ನೀರಿನ ಮಾತ್ರೆ) ಬೇಡ ಅನ್ನುತ್ತೆ. ಕ್ಲೋರ್ಥಾಲಿಡೋನ್ ಅನ್ನೋ ನೀರಿನ ಮಾತ್ರೆ ನೋಡಿ, ಅರ್ಧಾಯುಷ್ಯವೇ (ರಕ್ತದಲ್ಲಿ ಅರ್ಧಕ್ಕೆ ಇಳಿಯೋ ಸಮಯ) 40–60 ಗಂಟೆ. ಹುಟ್ಟಿದ ತಿಂಗಳೊಳಗಿನ ಮಗುವಿನ ಮೈಯಲ್ಲಿ ಶೇಖರವಾಗೋ ಸಂಭವ ಇದೆ. ಅದನ್ನ ನಾನಂತೂ ಬೇಡ ಅಂತೀನಿ.

ವಿನುತಾ: ಕ್ಲೋರ್ಥಾಲಿಡೋನ್ ವಿಷಯದಲ್ಲಿ ನಿನ್ನ ಮಾತೇ ಸರಿ ಶಶಿ. ಬರೀ ಬಿಪಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಎನಲಾಪ್ರಿಲ್‌ನಂಥ ಬೇರೆ ಮಾತ್ರೆ ಇರುವಾಗ ಇದ್ಯಾಕೆ? ಆದ್ರೆ ಹೆರಿಗೆ ನಂತರ ಹೃದಯದ ಸ್ನಾಯು ಸೋತು ಶ್ವಾಸಕೋಶದಲ್ಲಿ ನೀರು ನಿಂತವಳಿಗೆ ಫ್ಯೂರೋಸೆಮೈಡ್ ಬೇಕೇ ಬೇಕು. ಈ ಫಾರ್ವರ್ಡ್ ಓದಿ ಅವಳು ಮಾತ್ರೆ ಬಿಟ್ಟರೆ ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತೆ. ಮಗುವಿಗೆ ವಿಷ ಅನ್ನೋ ಒಂದು ಸಾಲು ತಾಯಿಯ ಜೀವಕ್ಕೇ ಕುತ್ತು ಕಣ್ರೋ.

ಶಶಿ: ಅದಕ್ಕೆ ನನ್ನ ತಕರಾರಿಲ್ಲ. ಸ್ಟ್ರಿಪ್ಪಿನ ಹಿಂದೆ ಓದಿ ಕೊಡಬೇಕು, ಅಷ್ಟೇ. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಹೆಸರಿನ ಜೊತೆ 'ಎಚ್' ಇದ್ದರೆ ಹೈಡ್ರೋಕ್ಲೋರೋಥಯಜೈಡ್, 'ಸಿಟಿ' ಇದ್ದರೆ ಕ್ಲೋರ್ಥಾಲಿಡೋನ್. ಟೆಲ್ಮಿಸಾರ್ಟನ್ನೇ ಹಾಲಿಗೆ ಎಷ್ಟು ಹೋಗುತ್ತೆ ಅನ್ನೋ ಮಾಹಿತಿ ತೀರಾ ಕಡಿಮೆ. ಅಂಥ ಚೀಟಿ ಬಂದ್ರೆ ಹಾಲೂಡಿಸ್ತಿದ್ದೀರಾ ಅಂತ ಕೇಳಿ, ಬರೆದ ಡಾಕ್ಟರಿಗೆ ಫೋನ್ ಮಾಡಿ.

ರಾಘು: ಕಾಲು ಊದಿದೆ, ಒಂದು ಲ್ಯಾಸಿಕ್ಸ್ ಕೊಡಿ ಅಂತ ಚೀಟಿ ಇಲ್ಲದೆ ಬರ್ತಾರಲ್ಲ, ಅವರಿಗೆ?

ವಿನುತಾ: ಕೊಡಲೇಬಾರದು. ಹೆರಿಗೆಯಾದ ಮೇಲಿನ ಎರಡೂ ಕಾಲಿನ ಊತ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತೆ. ಒಂದೇ ಕಾಲು ಊದಿ ನೋವಿದ್ರೆ ರಕ್ತ ಹೆಪ್ಪುಗಟ್ಟಿರಬಹುದು. ಊತದ ಜೊತೆ ತಲೆನೋವು, ಕಣ್ಣು ಮಂಜು ಇದ್ರೆ ಬಿಪಿ ನೋಡ್ಬೇಕು. ಮಲಗಿದ್ರೆ ಉಸಿರಾಡೋಕೆ ಕಷ್ಟ ಅಂದ್ರೆ ತಕ್ಷಣ ಆಸ್ಪತ್ರೆ.

ಫರ್ಜಾನಾ: ಡಾಕ್ಟರ್ ಬರೆದುಕೊಟ್ಟು ತಗೋತಿರೋರಿಗೆ ಹೀಗೆ ಹೇಳು ರಾಘು: ಹಾಲು ಹಿಂಡಿ ಚೆಲ್ಲೋದು ಬೇಡ. ಮಾತ್ರೆ ಬೆಳಿಗ್ಗೆ ತಗೊಳ್ಳಿ. ಐದನೇ ದಿನದ ನಂತರ ಮಗು ದಿನಕ್ಕೆ ಆರು ಸಲವಾದ್ರೂ ಉಚ್ಚೆ ಹೊಯ್ಯಬೇಕು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಉಚ್ಚೆ ಕಡು ಹಳದಿಯಾದ್ರೆ, ಮಗು ಮಂಕಾದ್ರೆ ಅವತ್ತೇ ತೋರಿಸಿ.

ರಾಘು: ಇದನ್ನೇ ಕಳಿಸ್ತೀನಿ. 'ಬೀದಿಯ ಗುಂಪಿಗೆ' ಆಗಲೇ ಹಾಕಿದ್ದ ಹಳೇದನ್ನ ಎಲ್ಲರಿಗೂ ಡಿಲೀಟ್ ಮಾಡಿದೆ.