ರೌಟರ್ ಫೈಲ್‌ನಲ್ಲಿ 6656 ಸೆಕ್ಷನ್ ತೋರಿಸಿ ಸೆಗ್‌ಫಾಲ್ಟ್ ಆಗುತ್ತಿದೆ

ನವನಗರದವ (ಬಾಗಲಕೋಟೆ)
ನಮಸ್ಕಾರ. ಇಎಲ್‌ಎಫ್ (ಲಿನಕ್ಸ್ ಪ್ರೋಗ್ರಾಂಗಳ ಫೈಲ್ ರೂಪ) ಫೈಲ್‌ನ ಹೆಡರ್, ಸೆಕ್ಷನ್ ಪಟ್ಟಿ ತೋರಿಸುವ ಸಣ್ಣ ಕಮಾಂಡ್‌ಲೈನ್ ಟೂಲ್ ಒಂದನ್ನು ಸಿ‌ನಲ್ಲಿ ಬರೆದು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಲ್ಯಾಪ್‌ಟಾಪ್‌ನ ಯಾವ ಪ್ರೋಗ್ರಾಂ ಕೊಟ್ಟರೂ ಓದುತ್ತದೆ. ರಾಸ್ಪ್‌ಬೆರಿ ಪೈ ಫೈಲ್‌ಗಳನ್ನೂ ಓದುತ್ತದೆ. ನಿನ್ನೆ ಗೆಳೆಯನ ಹಳೆ ರೌಟರ್‌ನಿಂದ ತೆಗೆದ ಬಿಸಿಬಾಕ್ಸ್ (ಹಲವು ಲಿನಕ್ಸ್ ಕಮಾಂಡ್‌ಗಳನ್ನು ಒಂದರಲ್ಲೇ ಸೇರಿಸಿದ ಪ್ರೋಗ್ರಾಂ) ಕೊಟ್ಟೆ. ಮಷಿನ್ (ಪ್ರೊಸೆಸರ್ ಬಗೆಯ ಸಂಖ್ಯೆ) 2048, ಸೆಕ್ಷನ್ 6656 ಅಂತ ತೋರಿಸಿ ಸೆಗ್‌ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಟೂಲ್ ಅರ್ಧಕ್ಕೇ ನಿಂತಿತು! ಮೊದಲ 4 ಬೈಟ್ ಸರಿ ಇವೆ: 7ಎಫ್ 45 4ಸಿ 46. 32-ಬಿಟ್ ಅಂತಲೂ ಸರಿಯಾಗಿಯೇ ಹೇಳುತ್ತದೆ. ಫೈಲೇ ಕೆಟ್ಟಿದೆಯಾ?

ಬಿಳಿಜೋಳ (ವಿಜಯಪುರ)
ಕಾಪಿ ಆಗುವಾಗ ಕರೆಂಟ್ ಹೋಗಿತ್ತಾ? ನಮ್ಮ ಕಡೆ ಅದೇ ಕಥೆ.

ನವನಗರದವ
ಇಲ್ಲ ಸರ್. ಇಎಲ್‌ಎಫ್ ಓದುವ ಪ್ರಸಿದ್ಧ ಟೂಲ್ ರೀಡ್‌ಎಲ್ಫ್ ಅದೇ ಫೈಲ್‌ನಲ್ಲಿ 26 ಸೆಕ್ಷನ್ ತೋರಿಸುತ್ತದೆ.

ಕುಂದಾಪ್ರಿಯ (ಬೆಳಗಾವಿ)
ಹಾಗಾದ್ರೆ ಫೈಲ್ ಸರಿ ಇದೆ ರೀ, ಓದೋದು ಹಿಂದುಮುಂದಾಗಿದೆ. 26 ಅಂದರೆ ಹೆಕ್ಸ್‌ನಲ್ಲಿ 00 1ಎ. ತಿರುಗಿಸಿದರೆ 1ಎ 00, ಅದೇ ನಿಮ್ಮ 6656. 2048 ತಿರುಗಿಸಿ, 8 ಬರುತ್ತದೆ. 8 ಅಂದರೆ ಮಿಪ್ಸ್ ಪ್ರೊಸೆಸರ್. ಫೈಲ್‌ನ 6ನೇ ಬೈಟ್ ನೋಡಿ. 1 ಇದ್ದರೆ ಲಿಟಲ್ ಎಂಡಿಯನ್ (ಸಂಖ್ಯೆಯ ಕಡಿಮೆ ಬೆಲೆಯ ಬೈಟ್ ಮೊದಲು), 2 ಇದ್ದರೆ ಬಿಗ್ (ಹೆಚ್ಚು ಬೆಲೆಯದು ಮೊದಲು). ನಿಮ್ಮದರಲ್ಲಿ 2 ಇರಬೇಕು.

ಫೈಲ್‌ನ ಬೈಟ್‌ಗಳನ್ನು ಇದ್ದ ಹಾಗೇ ಸ್ಟ್ರಕ್ಟ್‌ಗೆ ನೇರವಾಗಿ ಎಫ್‌ರೀಡ್ ಮಾಡಿದ್ದೀರಿ ಅಲ್ವಾ? ಲ್ಯಾಪ್‌ಟಾಪ್, ಪೈ ಎರಡೂ ಲಿಟಲ್, ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ. 32-ಬಿಟ್ಟೋ 64-ಬಿಟ್ಟೋ ಅನ್ನೋದು ಒಂದೇ ಬೈಟ್, ಅಲ್ಲಿ ತಿರುಗಲು ಏನೂ ಇಲ್ಲ. ಅಲ್ಲಲ್ಲಿ ಸ್ವ್ಯಾಪ್ ತುರುಕಬೇಡಿ, ಎಲ್ಲೋ ಒಂದು ಕಡೆ ಮರೆತೇ ಮರೆಯುತ್ತೀರಿ. 2, 4, 8 ಬೈಟ್ ಓದಿ ಶಿಫ್ಟ್ ಮಾಡಿ ಸೇರಿಸುವ ಮೂರು ಫಂಕ್ಷನ್ ಬರೆದು ಎಲ್ಲ ಕಡೆ ಅವನ್ನೇ ಬಳಸಿ.

ಸೆಗ್‌ಫಾಲ್ಟ್ ಮಾತ್ರ ಬೇರೆ ಬಗ್. ಫೈಲ್ ಹೇಳಿದ್ದನ್ನು ಸುಮ್ನೆ ನಂಬಿದ್ದೀರಿ. ಪಟ್ಟಿ ಶುರುವಾಗುವ ಜಾಗಕ್ಕೆ ಒಟ್ಟು ಸೆಕ್ಷನ್‌ಗಳ ಸಂಖ್ಯೆ × 40 (32-ಬಿಟ್ ಫೈಲ್‌ನಲ್ಲಿ ಒಂದು ಸೆಕ್ಷನ್ ಹೆಡರ್‌ನ ಬೈಟ್) ಕೂಡಿಸಿದರೆ ಫೈಲ್ ಗಾತ್ರ ಮೀರುತ್ತದಾ ಅಂತ ಮೊದಲೇ ನೋಡಿ. ಲೆಕ್ಕ 64-ಬಿಟ್‌ನಲ್ಲೇ ಮಾಡಿ, ಇಲ್ಲದಿದ್ದರೆ ಮೊತ್ತವೇ ಸುತ್ತಿ ಚಿಕ್ಕದಾಗಿ ಪರೀಕ್ಷೆ ಪಾಸಾಗಿಬಿಡುತ್ತದೆ.

ನವನಗರದವ
6ನೇ ಬೈಟ್ 2 ಇತ್ತು! ಈಗ 26 ಬರುತ್ತಿದೆ. ಮೊದಲು ಹೆಸರುಗಳೆಲ್ಲ ಕಸ ಬಂದವು. ಸೆಕ್ಷನ್ ಹೆಡರ್ ಒಳಗಿನ ಸಂಖ್ಯೆಗಳು ಇನ್ನೂ ಹಳೆ ರೀತಿಯಲ್ಲೇ ಓದಿಸಿಕೊಳ್ಳುತ್ತಿದ್ದವು. ನೀವು ಹೇಳಿದ್ದೇ ಆಯಿತು, ಮರೆತಿದ್ದೆ. ಆ ಫೈಲ್‌ನ ಮೊದಲ 52 ಬೈಟ್, ಅಂದರೆ ಬರೀ ಹೆಡರ್ ಕತ್ತರಿಸಿ ಟೆಸ್ಟ್ ಫೋಲ್ಡರ್‌ಗೂ ಹಾಕಿದೆ. ಅದನ್ನು ಕೊಟ್ಟರೆ ಈಗ ‘ಸೆಕ್ಷನ್ ಪಟ್ಟಿ ಫೈಲ್‌ನ ಹೊರಗಿದೆ’ ಅಂತ ಹೇಳಿ ನಿಲ್ಲುತ್ತದೆ.